ಬಾಡಿಗೆಗೆ ಎರಡು ಪಗಾರ, ಸಾಲಕ್ಕೆ ಒಂದೇ

ಗೆಳೆಯರೇ, ಇವತ್ತು ನಮ್ಮ ಮನೆ ಸಾಲದ ವಿಚಾರಣೆಗೆ ಬ್ಯಾಂಕಿನವರು ಚಿಕ್ಕೋಡಿಯ ಬಾಡಿಗೆ ಮನೆಗೆ ಬಂದಿದ್ದರು. ನಾವಿಬ್ಬರೂ ಕೆಲಸಕ್ಕೆ ಹೋಗಿದ್ದರಿಂದ ಕೆಳಗಿರುವ ಮನೆ ಮಾಲೀಕ ಅಣ್ಣಾಸಾಹೇಬ ಕಾಕಾರನ್ನೇ ಕೇಳಿದ್ದಾರೆ.

ನನ್ನ ಹೆಂಡತಿ ನಿಪ್ಪಾಣಿಯ ಅಂಗಡಿಯೊಂದರಲ್ಲಿ ಬಟ್ಟೆ ಹೊಲಿಯುತ್ತಾಳೆ. ಪಗಾರ ನಗದಾಗಿ ಕೈಗೇ ಬರುತ್ತದೆ, ಬ್ಯಾಂಕಿಗೆ ತೋರಿಸಲು ದಾಖಲೆಯಿಲ್ಲ, ಅದಕ್ಕೇ ಈ ವಿಚಾರಣೆ. ಆದರೆ ಬಾಡಿಗೆ ಏರಿಸಿಯಾರೆಂದು ಹೆದರಿ ಕಾಕಾಗೆ ನಾವು, "ಆಕಿ ಹೊಲಿಗಿ ಕಲಿಯಾಕ ಹೋಗ್ತಾಳ್ರಿ" ಎಂದಿದ್ದೆವು.

ಸಂಜೆ ಕಾಕಾ ಮೆಟ್ಟಿಲ ಬಳಿಯೇ ನಿಲ್ಲಿಸಿದರು. "ತಮ್ಮಾ, ನಿನ್ನ ಸಲುವಾಗಿ ಭಾಳ ಹೇಳೀನಿ. ಪಾಪ, ಒಬ್ಬನ ಪಗಾರ, ಆಕಿ ಇನ್ನೂ ಕಲಿಯಾಕತ್ತಾಳ, ಸಾಲ ಕೊಡ್ರಿ ಅಂದೆ."

"ಅವರೇನಂದ್ರು ಕಾಕಾ?"

"ಇಲ್ರಿ, ಇಬ್ರೂ ದುಡೀತೀವಿ ಅಂತ ಅರ್ಜಿಯಾಗ ಬರದಾರ ಅಂದ್ರು." ಕಾಕಾ ನಕ್ಕರು. "ಬರೋ ತಿಂಗಳಿಂದ ಬಾಡಿಗಿ ಸ್ವಲ್ಪ ಏರಿಸಿ ಕೊಡಪಾ."

ಮೇಲೆ ಬಂದು ಬ್ಯಾಂಕಿನವರಿಗೆ ಫೋನ್ ಮಾಡಿದೆ. "ಒಂದ ಪಗಾರ ಅಂತ ನಿಮ್ಮ ಮಾಲೀಕರ ಹೇಳ್ಯಾರಲ್ರಿ! ಅಷ್ಟರ ಮ್ಯಾಲೆ ಸಾಲ ಆಗಂಗಿಲ್ಲ."

ಕಾಕಾ ಬ್ಯಾಂಕನ್ನು ನಂಬಿದರು, ಬ್ಯಾಂಕು ಕಾಕಾರನ್ನು ನಂಬಿತು. ಹೀಗಾಗಿ ಬಾಡಿಗೆ ಕೊಡುವಾಗ ನಾವು ಇಬ್ಬರು ದುಡಿಯುವವರು, ಮನೆ ಕಟ್ಟುವಾಗ ನನ್ನ ಹೆಂಡತಿ ಇನ್ನೂ ಹೊಲಿಗೆ ಕಲಿಯುತ್ತಿದ್ದಾಳೆ.