ಡೆಸ್ಕ್‌ಟಾಪೇ ಬೇಕೆಂದ ಹುಡುಗಿ

ವಿದ್ಯಾನಗರದ ನಮ್ಮ ಕಂಪ್ಯೂಟರ್ ಅಂಗಡಿಗೆ ಬರುವ ಕಾಲೇಜು ಮಕ್ಕಳೆಲ್ಲ ಲ್ಯಾಪ್‌ಟಾಪನ್ನೇ ಕೇಳುತ್ತಾರೆ. ಅಪ್ಪನ ಜೊತೆ ಬಂದ ಆ ಹುಡುಗಿ ಮಾತ್ರ ಡೆಸ್ಕ್‌ಟಾಪ್ ಬೇಕೆಂದಳು.

"ಲ್ಯಾಪ್‌ಟಾಪ್ ತಗೋವಾ, ಕಾಲೇಜಿಗೂ ಒಯ್ಯಾಕ ಬರತೈತಿ," ಎಂದರು ಅಪ್ಪ.

"ನಾ ಒಯ್ಯೂದಕ್ಕಿಂತ ಮೊದಲ ಅಣ್ಣ ಒಯ್ತಾನಪ್ಪಾ. ನನ್ನ ಗಾಡಿ ಈಗ ಯಾರ ಕೈಯಾಗೈತಿ?"

ನಾನು ಡೆಸ್ಕ್‌ಟಾಪ್ ತೋರಿಸಿದೆ.

ಮರುದಿನ ಗೋಪನಕೊಪ್ಪದ ಅವರ ಮನೆಗೆ ಹೋಗಿ ಅದನ್ನು ಜೋಡಿಸಿ ಮುಗಿಸುವಷ್ಟರಲ್ಲಿ ಅಣ್ಣ ಕುರ್ಚಿ ಹಿಡಿದು ಕೂತಿದ್ದ. ಹುಡುಗಿ ಅವನನ್ನು ಎಬ್ಬಿಸಿ ಹೊರಗೆ ಕಳಿಸಿದಳು. "ನೀವೂ ಆ ಕಡೆ ನೋಡ್ರಿ ಸರ್," ಎಂದು ನನಗೂ ಹೇಳಿ ಪಾಸ್‌ವರ್ಡ್ ಹಾಕಿದಳು. ನಾನು ಗೋಡೆ ನೋಡುತ್ತ ನಿಂತೆ.

ಆಮೇಲಿಂದ ಅಣ್ಣ ಆಗಾಗ ಅಂಗಡಿಗೆ ಬಂದು ನನಗೆ ಚಹಾ ಕುಡಿಸುತ್ತಾನೆ. ಪಾಸ್‌ವರ್ಡ್ ನನಗೆ ಗೊತ್ತಿಲ್ಲ ಎಂದರೆ ನಂಬುವುದಿಲ್ಲ. ಚಹಾ ಚೆನ್ನಾಗಿರುತ್ತದೆ, ಹಾಗಾಗಿ ನಾನೂ ಬಹಳ ಒತ್ತಿ ಹೇಳುವುದಿಲ್ಲ.