ಅನಕ್ಲೇತು ಕಲಿಸಿದ ಕೊನೆಯ ನಾಯಿ

ಬ್ರೆಜಿಲಿನ ಜೌಗುನಾಡು ಪಂತನಾಲ್‌ನ ನಮ್ಮ ದನದ ಫಾರ್ಮಿನಲ್ಲಿ, ಚಿರತೆಯಂಥ ಜಾಗ್ವಾರ್‌ಗಳ ಜಾಡು ಹಿಡಿಯುವ ನಾಯಿಗಳನ್ನು ನಲವತ್ತು ವರ್ಷ ಪಳಗಿಸಿದವನು ಅನಕ್ಲೇತು. ನಾನು ಅಲ್ಲಿಯ ಅಡುಗೆಯವಳು, ಆ ನಾಯಿಗಳಿಗೂ ಬೇಯಿಸಿ ಹಾಕಿದವಳು. ಬೇಟೆ ನಿಂತ ಮೇಲೆ ಅವನ ಕೆಲಸ ಉಳಿಸಿದ್ದು ಪ್ರಾಣಿಗಳ ಡಾಕ್ಟರಮ್ಮ ಇವೋನಿ. ಬೇಸಿಗೆಗೊಮ್ಮೆ ಬಂದು, ನಾಯಿಗಳು ಮರ ಹತ್ತಿಸಿದ ಜಾಗ್ವಾರಿಗೆ ಮತ್ತಿನ ಮದ್ದು ಹೊಡೆದು, ಅದರ ಓಡಾಟ ತಿಳಿಯಲು ಕೊರಳಿಗೆ ರೇಡಿಯೊ ಪಟ್ಟಿ ಕಟ್ಟಿ ಬಿಡುತ್ತಿದ್ದಳು.

ಮರಿ ಕಲಿಯುವುದು ಹಳೆಯ ನಾಯಿಯ ಹಿಂದೆ ಓಡಿಯೇ. ಜಿಂಕೆಯ ಬೆನ್ನು ಹತ್ತಿದರೆ ಗದರುವುದಷ್ಟೇ ಅನಕ್ಲೇತುವಿನ ಕೆಲಸ. ಆದರೆ ಜಾಡು ಬಲ್ಲ ಒಂದೇ ನಾಯಿ, ಬರೋನೆಜಾ, ಹಾವು ಕಚ್ಚಿ ಸತ್ತಿತು. ಉಳಿದದ್ದು ಅದರ ಮಗಳು, ಆರು ತಿಂಗಳ ಗರೋವಾ.

"ಬರೋ ಬೇಸಿಗೆಗೆ ಇವಳು ಜಾಡು ಹಿಡೀಲಿಲ್ಲ ಅಂದ್ರೆ ನಾಯಿಮನೆ ಮುಚ್ಚೋದೇ," ಎಂದ ಯಜಮಾನ.

ಅನಕ್ಲೇತು ಅಟ್ಟದಿಂದ ಹಳೆಯ ಜಾಗ್ವಾರ್ ತೊಗಲೊಂದನ್ನು ಇಳಿಸಿದ. ಹುಲ್ಲಿನ ಮೇಲೆ ಎಳೆದು, ಬಚ್ಚಿಟ್ಟು, ಗರೋವಾ ಹುಡುಕಿದರೆ ಮಾಂಸದ ಚೂರು ಕೊಡುತ್ತಿದ್ದ. ಮಳೆ ಸುರಿದು ನೆರೆ ನಿಂತ ತಿಂಗಳುಗಳಲ್ಲಿ ತೊಗಲು ಕೊಳೆಯತೊಡಗಿತು.

"ದನ ನೆಕ್ಕೋಕೆ ತೊಟ್ಟಿಗೆ ಸುರಿಯೋ ಉಪ್ಪು ತಿಕ್ಕಣ್ಣ, ಯಾವ ಹುಳಾನೂ ಹತ್ರ ಬರಲ್ಲ," ಎಂದವಳು ನಾನು. ದೊಡ್ಡ ಬುದ್ಧಿವಂತೆ. ಅವನು ವಾರಕ್ಕೊಮ್ಮೆ ತಿಕ್ಕಿದ. ಗರೋವಾ ಒಂದು ದಿನವೂ ತಪ್ಪಲಿಲ್ಲ.

"ತಾಯಿಯನ್ನೇ ಮೀರಿಸ್ತಾಳೆ ನೋಡು ಝುಲ್ಮಿರಕ್ಕ," ಎನ್ನುತ್ತಿದ್ದ ನನ್ನ ಹತ್ತಿರ. ಅಷ್ಟು ಖುಷಿಯಾಗಿ ಅವನನ್ನು ನಾನು ಕಂಡಿರಲಿಲ್ಲ.

ನೀರಿಳಿಯಿತು, ಡಾಕ್ಟರಮ್ಮ ಬಂದಳು. ಕೊಳದ ಕೆಸರಲ್ಲಿ ಆಗಷ್ಟೇ ಮೂಡಿದ ಜಾಗ್ವಾರ್ ಹೆಜ್ಜೆ. ಯಜಮಾನ ಕುದುರೆಯ ಮೇಲೆ ಬಂದಿದ್ದ, ಬುತ್ತಿ ಹೊತ್ತು ನಾನೂ ಹೋಗಿದ್ದೆ. ಅನಕ್ಲೇತು ಗರೋವಾಳ ಮೂತಿಯನ್ನು ಹೆಜ್ಜೆಗೆ ಹಿಡಿದ. ಅವಳು ಸೀನಿದಳು, ತಲೆಯೆತ್ತಿ ಗಾಳಿ ಮೂಸಿದಳು, ಗಂಟಲು ಬಿಚ್ಚಿ ಬೊಗಳುತ್ತಾ ಓಡಿದಳು. ಹೆಜ್ಜೆಗಳು ಕಾಡಿನ ಕಡೆಗಿದ್ದವು, ಅವಳು ಬಯಲಿನ ಕಡೆಗೆ. ಎಲ್ಲರೂ ಎದ್ದೆವೋ ಬಿದ್ದೆವೋ ಎಂದು ಬೆನ್ನುಹತ್ತಿದೆವು.

ದನಗಳ ಉಪ್ಪಿನ ತೊಟ್ಟಿಯ ಮೇಲೆ ಮುಂಗಾಲಿಟ್ಟು, ಬಾಲ ಆಡಿಸುತ್ತಾ, ಗರೋವಾ ಅನಕ್ಲೇತುವಿನ ಕೈ ನೋಡುತ್ತಿದ್ದಳು. ನನಗೆ ನಗು ತಡೆಯಲಾಗಲಿಲ್ಲ. ಆ ನಗುವಿಗೆ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಕೊಂಡಿಲ್ಲ.

ಅವನು ಮಾಂಸದ ಚೂರು ತೆಗೆದು ಅವಳ ಬಾಯಿಗಿಟ್ಟ. "ನಾನು ಕಲಿಸಿದ್ದನ್ನೇ ಹುಡುಕಿದ್ದಾಳೆ. ಅವಳ ತಪ್ಪೇನಿದೆ?"

ಯಜಮಾನ ಕುದುರೆ ತಿರುಗಿಸಿಕೊಂಡು ಹೋದ. ಡಾಕ್ಟರಮ್ಮನಿಗೆ ಮನಸ್ಸು ತಡೆಯಲಿಲ್ಲ.

"ಯಜಮಾನರ ಹತ್ರ ನಾನು ಮಾತಾಡ್ತೀನಿ. ಇನ್ನೊಂದು ಮರಿ ತಂದು ಮೊದಲಿಂದ ಕಲಿಸಿ."

"ಯಾರು ಕಲಿಸೋದು, ಡಾಕ್ಟರಮ್ಮ?" ಅವನು ಮೂಗು ಒರೆಸಿಕೊಂಡ. "ನಲವತ್ತು ವರ್ಷ ನಾಯಿಗಳ ಹಿಂದೆ ಓಡಿದೀನಿ, ನಿಜ. ಆದ್ರೆ ಜಾಗ್ವಾರ್ ವಾಸ್ನೆ ಹೇಗಿರತ್ತೆ ಅಂತ ನಂಗೇ ಗೊತ್ತಿಲ್ಲ."