ಡೆಸ್ಕ್‌ಟಾಪಿನ ಮೇಲಿದ್ದ ಅಕ್ಷರಗಳು

ರಾಣೇಬೆನ್ನೂರು, ಹಾವೇರಿ, ಬ್ಯಾಡಗಿ: ಮೂರೂ ಊರಿನಲ್ಲಿ ನಮ್ಮ ಮಾಲೀಕರ ಕಂಪ್ಯೂಟರ್ ಅಂಗಡಿಗಳಿದ್ದವು. ಮನೆಗೊಂದು ಕಂಪ್ಯೂಟರ್ ಬೇಕೇ ಬೇಕು ಎಂದು ಜನ ಮುಗಿಬಿದ್ದ ಕಾಲವದು. ಬಿಡಿಭಾಗ ತಂದು ನಾವೇ ಜೋಡಿಸಿ ಕೊಡುತ್ತಿದ್ದೆವು. ನಾನು ಬ್ಯಾಡಗಿಯ ರಿಪೇರಿ ಮೇಜಿನವನು. ಅಲ್ಲಿ ಯಾವ ಸಿಪಿಯು ಬಿಚ್ಚಿದರೂ ಒಳಗೆ ಮೆಣಸಿನಕಾಯಿ ಧೂಳು. ಬ್ಲೋವರ್ ಹಿಡಿದರೆ ಇಡೀ ಅಂಗಡಿ ಸೀನುತ್ತಿತ್ತು. ಗಿರಾಕಿಗಳು ನಗುತ್ತಿದ್ದರು, ನನಗೆ ಮೈ ಉರಿಯುತ್ತಿತ್ತು. ನಾನು ಮೊದಲೇ ಸಿಡುಕ. ನನ್ನ ಕೆಲಸಕ್ಕೆ ಯಾರೂ ಬೆರಳು ತೋರಿಸುವಂತಿಲ್ಲ ಎಂಬ ಜಂಭ ಬೇರೆ.

ಮಾಲೀಕರದೊಂದು ಕಟ್ಟಪ್ಪಣೆಯಿತ್ತು. ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಮೇಜಿನ ಮೇಲೆ ಬಿಚ್ಚಿದ ಮಷೀನು ಇರಕೂಡದು. ಪೂಜೆಗಿಟ್ಟ ಸ್ಕ್ರೂಡ್ರೈವರನ್ನು ಅವತ್ತು ಮುಟ್ಟುವಂತಿಲ್ಲವಲ್ಲ, ಹೀಗಾಗಿ ಹಿಂದಿನ ದಿನವೇ ಎಲ್ಲ ಮುಗಿಸಿ, ಒರೆಸಿ, ಸಾಲಾಗಿ ಇಡಬೇಕು.

ಆ ವರ್ಷ ಒಂಬತ್ತು ಮಷೀನು ಉಳಿದಿದ್ದವು. ಒಂದು, ಲಗ್ನಪತ್ರಿಕೆ ಮಾಡುವ ಒಬ್ಬ ಮುಸ್ಲಿಂ ಗೃಹಸ್ಥರದು. ಅವರ ತಂದೆ ಕೈಬರಹದ ಉರ್ದು ಅಕ್ಷರಕ್ಕೆ ಸುತ್ತಲ ಊರುಗಳಲ್ಲಿ ಹೆಸರಾದವರು. ಲಕ್ವಾ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವರು ಹಿಂದೆ ಬರೆದಿಟ್ಟ ಅಕ್ಷರಗಳನ್ನು ಮಗ ಸ್ಕ್ಯಾನ್ ಮಾಡಿಕೊಂಡು, ಅವನ್ನೇ ಕೂಡಿಸಿ ಪತ್ರಿಕೆ ಮಾಡುತ್ತಿದ್ದರು. ಮೂಲ ಹಾಳೆಗಳನ್ನು ಗೆದ್ದಲು ತಿಂದಿತ್ತು. ಮಷೀನು ಇಟ್ಟು ಹೋಗುವಾಗ ಅವರೇ ಇದೆಲ್ಲ ಹೇಳಿ, "ಅಪ್ಪನ ಕೈ ಇದರಾಗ ಐತ್ರಿ. ಹುಷಾರ್" ಎಂದಿದ್ದರು.

"ಅಯ್ಯ, ನನಗ ಹೇಳ್ತೀರೇನ್ರಿ?" ಎಂದು ನಾನು ಗದರಿದ್ದೆ.

ನಮ್ಮ ಅಂಗಡಿಯ ವಾಡಿಕೆ ಇಷ್ಟು: ಗಿರಾಕಿಯ ಸಾಮಾನು ಡಿ ಡ್ರೈವಿನಲ್ಲಿ, ವಿಂಡೋಸ್ ಸಿ ಡ್ರೈವಿನಲ್ಲಿ. ಸಿ ಅಳಿಸಿ ವಿಂಡೋಸ್ ಹೊಸದಾಗಿ ಹಾಕುವುದು. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದೂ ಸಿಯಲ್ಲೇ ಇರುತ್ತದೆ, ಅದಕ್ಕೇ ಅಳಿಸುವ ಮುನ್ನ ಒಮ್ಮೆ ತೆರೆದು ನೋಡಬೇಕು. ಅವತ್ತು ಅಂಗಡಿ ತೊಳೆಯುತ್ತಿದ್ದರು, ಚೆಂಡುಹೂವಿನ ಬುಟ್ಟಿ ಬಂದಿತ್ತು, ಮಾಲೀಕರು "ಲಗೂ ಮುಗಸೋ" ಎಂದು ತಲೆ ತಿನ್ನುತ್ತಿದ್ದರು. ನಾನು ನೋಡಲಿಲ್ಲ.

ವಿಜಯದಶಮಿಯ ಸಂಜೆ ಲಗ್ನಪತ್ರಿಕೆಯವರು ಬಂದರು. ನಾನು ಬನ್ನಿ ಎಲೆ ಕೊಟ್ಟೆ. "ಬನ್ನಿ ತಗೊಂಡು ಬಂಗಾರದಂಗ ಇರೋಣ್ರಿ" ಎಂದು ನನಗಿಂತ ಮೊದಲು ಅವರೇ ಅಂದರು. ಆಮೇಲೆ ಮಷೀನು ಹಚ್ಚಿದೆವು. ಡೆಸ್ಕ್‌ಟಾಪ್ ಖಾಲಿ.

"ಡಿ ಒಳಗ ಇರ್ತಾವ, ತಡೀರಿ" ಅಂದೆ.

"ಇಲ್ರಿ. ಕಣ್ಣಮುಂದ ಇರ್ಲಿ ಅಂತ ಇಲ್ಲೇ ಇಟ್ಟಿದ್ದೆ."

ಅಳಿಸುವ ಮುನ್ನ ತೆರೆದು ನೋಡಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಆದರೆ ನಾಲಗೆ ಚುರುಕಾಗಿಯೇ ಇತ್ತು. "ಹಾರ್ಡ್ ಡಿಸ್ಕ್ ಮೊದಲ ಕೆಟ್ಟಿತ್ರಿ. ನಮ್ಮ ಕೈಯಾಗ ಏನೂ ಇರ್ಲಿಲ್ಲ."

ಅವರು ತಾವೇ ಡಿ ಡ್ರೈವ್ ಒಮ್ಮೆ ತೆರೆದು ನೋಡಿ ಮುಚ್ಚಿದರು. ಕೊನೆಗೆ ನನ್ನ ಭುಜ ತಟ್ಟಿ, "ಇರ್ಲಿ ಬಿಡ್ರಿ. ಅದರ ಆಯುಷ್ಯ ತೀರಿತ್ತು, ನೀವರ ಏನ್ ಮಾಡ್ತೀರಿ" ಎಂದರು. ಬೈದಿದ್ದರೆ ಬದುಕುತ್ತಿದ್ದೆ. ಒಂದು ವಾರ ಮಷೀನು ಇಟ್ಟುಕೊಂಡು ಕಂಡ ಕಂಡ ಸಾಫ್ಟ್‌ವೇರ್ ಹಾಕಿ ಹುಡುಕಿದೆ. ಫೈಲಿನ ಹೆಸರುಗಳು ಸಿಕ್ಕವು, ಒಂದೂ ತೆರೆಯಲಿಲ್ಲ.

ಮೊಬೈಲು ಬಂದು ನಮ್ಮ ಧಂದೆಯ ಕತ್ತು ಹಿಸುಕಿತು. ಮೊದಲು ಹಾವೇರಿಯ ಅಂಗಡಿ ಮುಚ್ಚಿತು, ಆಮೇಲೆ ಬ್ಯಾಡಗಿಯದು. ರಾಣೇಬೆನ್ನೂರಿನದು ಉಳಿದಿದೆ, ಅಲ್ಲಿ ಈಗ ಸಿಸಿ ಕ್ಯಾಮೆರಾ ಮಾರುತ್ತೇವೆ.

ಹೋದ ತಿಂಗಳು ಆ ಗೃಹಸ್ಥರು ಅಲ್ಲಿಗೇ ನನ್ನನ್ನು ಹುಡುಕಿಕೊಂಡು ಬಂದರು. ಮಗಳ ಲಗ್ನಪತ್ರಿಕೆ ಕೊಟ್ಟರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದು, ಎರಡೂ ಕಂಪ್ಯೂಟರ್ ಅಕ್ಷರ.

"ಅಪ್ಪಗ ಕಣ್ಣು ಮಂಜಾಗ್ಯಾವ್ರಿ. ಪತ್ರಿಕಿ ಮಾರಿಗೆ ಹಿಡ್ಕೊಂಡು, ಯಾರ ಕೈ ಇದು ಅಂದ್ರು. ನಿಮ್ದ ಅಂದೆ."

"ಏನಂದ್ರು?"

"ನಾ ಇಷ್ಟು ಕೆಟ್ಟ ಯಾವಾಗ ಬರದಿದ್ನೆಪಾ ಅಂತ ಅತ್ರು."

ಆಗಲಾದರೂ ನಿಜ ಹೇಳಬೇಕಿತ್ತು. ಹೇಳಲೆಂದೇ ಬಾಯಿ ತೆರೆದೆ.

"ನಿಖಾ ಎಷ್ಟ ಗಂಟೆಗೈತ್ರಿ?" ಎಂದು ಕೇಳಿದೆ.